ಹದಿನೈದು ಡಾಲರಿಗೆ ಐವರು ದಿಗ್ಗಜರು

ಶಿಕಾಗೊ ಬುಲ್ಸ್ ತನ್ನ ಆರನೆಯ ಎನ್‌ಬಿಎ ಪ್ರಶಸ್ತಿ ಗೆದ್ದ 1997-98ರ ಋತುವಿನಲ್ಲಿ ಮೈಕಲ್ ಜೋರ್ಡಾನ್ ಅವರ ಸಂಬಳ 3.31 ಕೋಟಿ ಡಾಲರ್. ಅದೇ ತಂಡದಲ್ಲಿ ಅವರ ಪಕ್ಕದಲ್ಲೇ ಆಡಿದ ಸ್ಕಾಟಿ ಪಿಪೆನ್ ಅವರದು ಸುಮಾರು 28 ಲಕ್ಷ ಡಾಲರ್. ಹೆಚ್ಚುಕಡಿಮೆ ಹನ್ನೆರಡು ಪಟ್ಟು ವ್ಯತ್ಯಾಸ. ಬುಲ್ಸ್ ತಂಡದೊಳಗೇ ಪಿಪೆನ್‌ಗಿಂತ ಹೆಚ್ಚು ಸಂಬಳದವರು ಐವರಿದ್ದರು. ಇಡೀ ಲೀಗ್ ಲೆಕ್ಕ ಹಾಕಿದರೆ ನೂರು ದಾಟುತ್ತಿತ್ತು. ಅವರಿಗಿಂತ ಚೆನ್ನಾಗಿ ಆಡುವ ನೂರು ಮಂದಿ ಎಲ್ಲಿದ್ದರು? ಹತ್ತು ಮಂದಿಯನ್ನು ಹುಡುಕುವುದೇ ಕಷ್ಟವಿತ್ತು.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳ ನಡುವೆ ಕೆಲವು ವರ್ಷಗಳಿಂದ ನಡೆದು ಬಂದಿರುವ ಒಂದು ಕಾಗದದ ಆಟ ಈ ವ್ಯತ್ಯಾಸವನ್ನೇ ಬಂಡವಾಳ ಮಾಡಿಕೊಂಡಿದೆ. ನಿಮ್ಮ ಕೈಯಲ್ಲಿ 15 ಡಾಲರ್ ಇದೆ ಎಂದುಕೊಳ್ಳಿ. ಐದು ಸ್ಥಾನಗಳು, ಪ್ರತಿ ಸ್ಥಾನಕ್ಕೂ ಐವರು ಸಾರ್ವಕಾಲಿಕ ದಿಗ್ಗಜರು. ಒಬ್ಬರ ಬೆಲೆ 5 ಡಾಲರ್, ಇನ್ನೊಬ್ಬರದು 4, ಹೀಗೆ ಇಳಿಯುತ್ತ ಕೊನೆಯವರದು 1. ಸ್ಥಾನಕ್ಕೊಬ್ಬರಂತೆ ಐವರನ್ನು ಕೊಂಡು, ಯಾವ ತಂಡದ ಎದುರೂ ಗೆಲ್ಲುವ ತಂಡ ಕಟ್ಟಬೇಕು. ಅಷ್ಟೇ ಆಟ. ಕಾಲೇಜು ಹುಡುಗರಿಂದ ಹಿಡಿದು ನಿವೃತ್ತ ಆಟಗಾರರವರೆಗೆ ಇದನ್ನು ಆಡಿ ಜಗಳವಾಡಿದ್ದಾರೆ.

ಲೆಕ್ಕ ಇಷ್ಟಪಡುವವರಿಗೆ ಹೇಳುವುದಾದರೆ, ಹೀಗೆ ಒಟ್ಟು 3,125 ತಂಡಗಳನ್ನು ಕಟ್ಟಬಹುದು. ಅವುಗಳಲ್ಲಿ 15 ಡಾಲರಿನೊಳಗೆ ಬರುವವು 1,753. ಬಿಡಿಗಾಸೂ ಉಳಿಯದಂತೆ ಸರಿಯಾಗಿ 15 ಖರ್ಚಾಗುವವು 381. ಸಂಖ್ಯೆ ದೊಡ್ಡದಾಗಿ ಕಂಡರೂ ಇಕ್ಕಟ್ಟು ಬೇಗ ಅರಿವಾಗುತ್ತದೆ. 5 ಡಾಲರಿನ ಮೂವರನ್ನು ಕೊಂಡರೆ ಹಣ ಮುಗಿದೇ ಹೋಯಿತು, ಇಬ್ಬರಿಗೆ ಜಾಗ ಖಾಲಿ. ಹಾಗಾಗಿ ಅಂಥವರು ಇಬ್ಬರೇ ಸಾಧ್ಯ. ಇಬ್ಬರನ್ನು ಕೊಂಡರೆ ಉಳಿದ 5 ಡಾಲರಿನಲ್ಲಿ ಮೂವರು ಬರಬೇಕು, ಅಂದರೆ ಒಂದು ಡಾಲರಿನವರು ಒಬ್ಬರಾದರೂ ಬೇಕೇ ಬೇಕು. ಆಟದ ತಿರುಳು ಅಲ್ಲಿದೆ. ಜೋರ್ಡಾನ್ ದೊಡ್ಡ ಆಟಗಾರ ಎಂದು ಹೇಳಲು ಯಾರ ಸಹಾಯವೂ ಬೇಡ. ಒಂದು ಡಾಲರಿನವರಲ್ಲಿ ಯಾರನ್ನು ಆರಿಸುತ್ತೀರಿ ಎಂಬುದರಲ್ಲಿ ನಿಮಗೆ ಆಟ ಎಷ್ಟು ಗೊತ್ತಿದೆ ಎಂಬುದು ಹೊರಬೀಳುತ್ತದೆ.

ಬೆಲೆಪಟ್ಟಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ನನ್ನದನ್ನು ಇಲ್ಲಿ ಇಡುತ್ತೇನೆ, ಖ್ಯಾತಿಯನ್ನು ನೋಡಿ ಕಟ್ಟಿದ ಬೆಲೆ. ಪಾಯಿಂಟ್ ಗಾರ್ಡ್: ಮ್ಯಾಜಿಕ್ ಜಾನ್ಸನ್ 5, ಸ್ಟೀಫನ್ ಕರಿ 4, ಕ್ರಿಸ್ ಪಾಲ್ 3, ಜಾನ್ ಸ್ಟಾಕ್ಟನ್ 2, ಜೇಸನ್ ಕಿಡ್ 1. ಶೂಟಿಂಗ್ ಗಾರ್ಡ್: ಜೋರ್ಡಾನ್ 5, ಕೋಬಿ ಬ್ರಯಂಟ್ 4, ಡ್ವೇನ್ ವೇಡ್ 3, ರೇ ಆ್ಯಲನ್ 2, ಕ್ಲೇ ಥಾಂಪ್ಸನ್ 1. ಸ್ಮಾಲ್ ಫಾರ್ವರ್ಡ್: ಲೆಬ್ರಾನ್ ಜೇಮ್ಸ್ 5, ಲ್ಯಾರಿ ಬರ್ಡ್ 4, ಕೆವಿನ್ ಡ್ಯುರಾಂಟ್ 3, ಕವಾಯ್ ಲೆನರ್ಡ್ 2, ಪಿಪೆನ್ 1. ಪವರ್ ಫಾರ್ವರ್ಡ್: ಟಿಮ್ ಡಂಕನ್ 5, ಕೆವಿನ್ ಗಾರ್ನೆಟ್ 4, ಡರ್ಕ್ ನೊವಿಟ್ಸ್‌ಕಿ 3, ಚಾರ್ಲ್ಸ್ ಬಾರ್ಕ್ಲಿ 2, ಡೆನಿಸ್ ರಾಡ್ಮನ್ 1. ಸೆಂಟರ್: ಕರೀಂ ಅಬ್ದುಲ್ ಜಬ್ಬಾರ್ 5, ಶಾಕೀಲ್ ಓನೀಲ್ 4, ಹಕೀಂ ಒಲಾಜುವಾನ್ 3, ಡೇವಿಡ್ ರಾಬಿನ್ಸನ್ 2, ಬೆನ್ ವಾಲೇಸ್ 1.

ಬಿಲ್ ರಸೆಲ್ ಎಲ್ಲಿ, ವಿಲ್ಟ್ ಚೇಂಬರ್ಲಿನ್ ಎಲ್ಲಿ ಎಂದು ಹಳಬರು ಕೇಳುತ್ತಾರೆ. ಬೇಕೆಂದೇ ಬಿಟ್ಟಿದ್ದೇನೆ. ಎನ್‌ಬಿಎಯಲ್ಲಿ ಮೂರು ಪಾಯಿಂಟಿನ ಗೆರೆ ಬಂದದ್ದು 1979-80ರಲ್ಲಿ; ಆ ಗೆರೆ ಅಂಗಳದ ಅಳತೆಯನ್ನೇ ಬದಲಿಸಿತು. ಅದರ ಮೇಲೆ ಒಂದೆರಡು ವರ್ಷವಾದರೂ ಆಡಿದವರನ್ನು ಮಾತ್ರ ಪಟ್ಟಿಗೆ ತೆಗೆದುಕೊಂಡೆ. ರಸೆಲ್ ಅವರಿಗೆ ಬೆಲೆ ಕಟ್ಟುವುದಕ್ಕೆ ಇನ್ನೊಂದು ತೊಡಕೂ ಇದೆ. ಹದಿಮೂರು ವರ್ಷ ಆಡಿ ಹನ್ನೊಂದು ಪ್ರಶಸ್ತಿ ಗೆದ್ದ ಅವರ ನಿಜವಾದ ಅಸ್ತ್ರ ಎದುರಾಳಿಯ ಶಾಟ್ ತಡೆಯುವುದು. ಲೀಗ್ ಬ್ಲಾಕ್‌ಗಳನ್ನು ಎಣಿಸಲು ಶುರು ಮಾಡಿದ್ದು 1973-74ರಲ್ಲಿ, ರಸೆಲ್ ನಿವೃತ್ತರಾಗಿ ನಾಲ್ಕು ವರ್ಷ ಕಳೆದ ಮೇಲೆ. ಚೇಂಬರ್ಲಿನ್‌ರ ಒಂದೇ ಪಂದ್ಯದ 100 ಪಾಯಿಂಟುಗಳು ದಾಖಲೆಯಲ್ಲಿವೆ, ರಸೆಲ್ ತಡೆದದ್ದರ ಲೆಕ್ಕ ಎಲ್ಲೂ ಇಲ್ಲ. 1965ರಲ್ಲಿ ಚೇಂಬರ್ಲಿನ್‌ಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ಸಿಕ್ಕಿತೆಂದು ತಿಳಿದಾಗ ರಸೆಲ್ ಬಾಸ್ಟನ್ ಸೆಲ್ಟಿಕ್ಸ್ ತಂಡದಿಂದ 1,00,001 ಡಾಲರ್ ಪಡೆದರು. ತನ್ನ ಬೆಲೆಯನ್ನು ಆತ ತಾನೇ ಕಟ್ಟಿಕೊಂಡಿದ್ದಾರೆ, ನಾವು ಹೊಸದಾಗಿ ಕಟ್ಟುವುದು ಬೇಡ. ನಿಕೊಲಾ ಯೋಕಿಚ್, ಯಾನಿಸ್ ಆಂಟೆಟಕುಂಪೊ ಅವರ ಆಟ ಇನ್ನೂ ನಡುಹಾದಿಯಲ್ಲಿದೆ. ಅವರಿಗೆ ಹತ್ತು ವರ್ಷ ಬಿಟ್ಟು ಬೆಲೆ ಹಾಕೋಣ.

ಇನ್ನೆರಡು ಷರತ್ತು: ಪ್ರತಿಯೊಬ್ಬರೂ ತಮ್ಮ ಉತ್ತುಂಗದ ವರ್ಷಗಳ ಆಟವನ್ನೇ ತರುತ್ತಾರೆ, ಮತ್ತು ಪಂದ್ಯ ನಡೆಯುವುದು ಇಂದಿನ ನಿಯಮದಲ್ಲಿ.

ಈ ಪಟ್ಟಿ ಕೊಟ್ಟು ಹತ್ತು ಜನರನ್ನು ಕೂರಿಸಿದರೆ ಬಹುಪಾಲು ಮಂದಿ ಹೋಗುವುದು ಒಂದೇ ದಾರಿ. ಜೋರ್ಡಾನ್ 5, ಲೆಬ್ರಾನ್ 5, ಒಲಾಜುವಾನ್ 3, ಕಿಡ್ 1, ರಾಡ್ಮನ್ 1. ಹದಿನೈದು ಆಯಿತು. ಹೆಸರುಗಳನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಎದುರಾಳಿಗಳು ಚೆಂಡನ್ನು ಅರ್ಧ ಅಂಗಳ ದಾಟಿಸುವುದೇ ಕಷ್ಟ. ಆದರೆ ಈ ತಂಡದ ಕೈಗೆ ಚೆಂಡು ಬಂದಾಗ ಏನಾಗುತ್ತದೆ ನೋಡಿ. ಲೆಬ್ರಾನ್ ಚೆಂಡು ಹಿಡಿದು ಆಟ ಕಟ್ಟುವವರು. ಜೋರ್ಡಾನ್ ಕೂಡ ಚೆಂಡು ಹಿಡಿದೇ ಕೊಲ್ಲುವವರು. ಕಿಡ್ ಪಾಸ್ ಕೊಡುವುದರಲ್ಲಿ ಎತ್ತಿದ ಕೈ, ಆದರೆ ಉತ್ತುಂಗದ ವರ್ಷಗಳಲ್ಲಿ ಅವರ ದೂರದ ಶಾಟ್ ದುರ್ಬಲ. ಅದು ನಂಬಿಕೆಗೆ ಬಂದದ್ದು ವಯಸ್ಸಾದ ಮೇಲೆ. ರಾಡ್ಮನ್ ಶಾಟ್ ಹೊಡೆಯುವುದೇ ಇಲ್ಲ. ಒಲಾಜುವಾನ್ ರಿಮ್ ಹತ್ತಿರದವರು. ಮೂರು ಪಾಯಿಂಟಿನ ಗೆರೆಯಾಚೆ ನಿಂತು ಎದುರಾಳಿಯನ್ನು ಹೊರಗೆಳೆಯುವವರು ಒಬ್ಬರೂ ಇಲ್ಲ. ಎದುರು ತಂಡದ ಐವರೂ ರಿಮ್ ಕೆಳಗೆ ಗುಂಪುಗಟ್ಟಿ ನಿಂತರೆ ಜೋರ್ಡಾನ್ ಎಷ್ಟು ಎತ್ತರ ಹಾರಿದರೂ ಮುಂದೆ ಮೂರು ಜೊತೆ ಕೈಗಳಿರುತ್ತವೆ. ಹಿಂದೆ ವಲಯ ರಕ್ಷಣೆಗೆ ಎನ್‌ಬಿಎಯಲ್ಲಿ ನಿಷೇಧವಿತ್ತು, 2001-02ರಲ್ಲಿ ಅದು ಹೋಯಿತು. ಇಂದಿನ ನಿಯಮದಲ್ಲಿ ಹೀಗೆ ಗುಂಪುಗಟ್ಟುವುದು ಜೋರ್ಡಾನ್‌ರ ಕಾಲಕ್ಕಿಂತ ಸುಲಭ.

ಅಂಗಳದಲ್ಲಿ ಚೆಂಡು ಒಂದೇ. ನಲವತ್ತೆಂಟು ನಿಮಿಷದ ಪಂದ್ಯವನ್ನು ಐವರು ಹಂಚಿಕೊಳ್ಳಬೇಕು. ದುಬಾರಿ ಆಟಗಾರರು ದುಬಾರಿಯಾದದ್ದು ಚೆಂಡು ಕೈಯಲ್ಲಿದ್ದಾಗ ಮಾಡುವ ಪವಾಡಗಳಿಂದ. ಇಬ್ಬರು ಮೂವರು ಪವಾಡಪುರುಷರನ್ನು ಒಟ್ಟಿಗಿಟ್ಟರೆ ಅವರಲ್ಲಿ ಒಬ್ಬರು ಸದಾ ಸುಮ್ಮನೆ ನಿಂತಿರುತ್ತಾರೆ, ಅವರಿಗೆ ಕೊಟ್ಟ 5 ಡಾಲರ್ ಆ ಹೊತ್ತಿಗೆ ದಂಡ. ಹಾಗಾಗಿ ಬೆಲೆಪಟ್ಟಿ ಹಿಡಿದು ಕೂತಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಚೆಂಡು ಕೈಯಲ್ಲಿ ಇಲ್ಲದಾಗ ಈತ ಏನು ಮಾಡುತ್ತಾನೆ?

ಈ ಮಾತಿಗೆ ಸಾಕ್ಷಿ 2004. ಲಾಸ್ ಏಂಜಲೀಸ್ ಲೇಕರ್ಸ್ ತಂಡದಲ್ಲಿ ಓನೀಲ್ ಮತ್ತು ಕೋಬಿ ಆಗಲೇ ಇದ್ದರು. ಪ್ರಶಸ್ತಿಯ ಆಸೆಗೆ ಗ್ಯಾರಿ ಪೇಟನ್, ಕಾರ್ಲ್ ಮಲೋನ್ ಕೂಡ ಬಂದು ಸೇರಿದರು. ಹಿಂದಿನ ವರ್ಷ ಎರಡು ಕೋಟಿ ಡಾಲರಿಗೆ ಹತ್ತಿರದ ಸಂಬಳ ಪಡೆದಿದ್ದ ಮಲೋನ್ ಇಲ್ಲಿಗೆ ಬಂದದ್ದು 15 ಲಕ್ಷಕ್ಕೆ. ಕಾಗದದ ಮೇಲೆ ಇದಕ್ಕಿಂತ ಅಗ್ಗಕ್ಕೆ ಇಷ್ಟು ದೊಡ್ಡ ಹೆಸರುಗಳನ್ನು ಯಾರೂ ಕೊಂಡಿರಲಿಲ್ಲ. ಫೈನಲ್‌ನಲ್ಲಿ ಎದುರಾದದ್ದು ಡೆಟ್ರಾಯ್ಟ್ ಪಿಸ್ಟನ್ಸ್. ಅವರ ಪಾಯಿಂಟ್ ಗಾರ್ಡ್ ಚಾನ್ಸಿ ಬಿಲಪ್ಸ್ ಹಲವು ತಂಡ ಸುತ್ತಿ ಬಂದವರು. ಸೆಂಟರ್ ಬೆನ್ ವಾಲೇಸ್ ಅವರನ್ನು ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ 1996ರ ಡ್ರಾಫ್ಟ್‌ನಲ್ಲಿ ಒಂದು ತಂಡವೂ ಆರಿಸಿರಲಿಲ್ಲ. ಪಿಸ್ಟನ್ಸ್ 4-1ರಿಂದ ಗೆದ್ದಿತು, ಫೈನಲ್‌ನ ಶ್ರೇಷ್ಠ ಆಟಗಾರ ಬಿಲಪ್ಸ್. ಮಲೋನ್ ಮೊಣಕಾಲು ನೋವಿನಲ್ಲಿದ್ದರು ಎಂಬ ನೆಪವನ್ನು ಒಪ್ಪೋಣ. ಆದರೂ ನಾಲ್ಕು ಸೋಲಿಗೆ ಒಂದು ಮೊಣಕಾಲು ಸಾಲುವುದಿಲ್ಲ.

ಅದೇ ಬೇಸಿಗೆಯಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ಮೊದಲ ಪಂದ್ಯದಲ್ಲೇ ಪೋರ್ಟೊ ರಿಕೊ ಎದುರು 73-92ರಿಂದ ಸೋತು, ಕೊನೆಗೆ ಕಂಚಿಗೆ ಇಳಿಯಿತು. ಚಿನ್ನ ಅರ್ಜೆಂಟೀನಾಕ್ಕೆ.

ದೊಡ್ಡ ಹೆಸರುಗಳು ಸೇರಿದ ಮಾತ್ರಕ್ಕೆ ತಂಡವಾಗದು ಎಂಬುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2016ರ ಐಪಿಎಲ್‌ನಲ್ಲಿ ರಾಯಲ್ ಚಾಲೆಂಜರ್ಸ್ ತಂಡದಲ್ಲಿ ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರೂ ಇದ್ದರು. ಕೊಹ್ಲಿ ಒಬ್ಬರೇ 973 ರನ್ ಹೊಡೆದರು. ಚಿನ್ನಸ್ವಾಮಿಯಲ್ಲೇ ನಡೆದ ಫೈನಲ್‌ನಲ್ಲಿ 8 ರನ್‌ಗಳಿಂದ ಸೋತರು. ಹರಾಜಿನ ದುಡ್ಡೆಲ್ಲ ಬ್ಯಾಟಿಂಗ್ ಮೇಲಿನ ಮೂರು ಕ್ರಮಾಂಕಕ್ಕೇ ಸುರಿದರೆ ಕೊನೆಯ ಓವರುಗಳನ್ನು ಎಸೆಯುವವರು ಯಾರು ಎಂದು ವರ್ಷಗಟ್ಟಲೆ ಕೇಳಿದ ಊರಿದು.

ಇನ್ನು ನಿಜವಾದ ಲೀಗಿನ ಲೆಕ್ಕ. ಎನ್‌ಬಿಎಯಲ್ಲಿ ಪ್ರತಿ ತಂಡದ ಸಂಬಳದ ಖರ್ಚಿಗೆ ಮಿತಿ ಇದೆ. ಇಂದಿನ ರೂಪದಲ್ಲಿ ಅದು ಶುರುವಾದದ್ದು 1984-85ರಲ್ಲಿ, ಆಗ ತಂಡಕ್ಕೆ 36 ಲಕ್ಷ ಡಾಲರ್. 2025-26ರಲ್ಲಿ ಅದು 15.46 ಕೋಟಿ. ಆದರೆ ಈ ಮಿತಿ ಗಟ್ಟಿ ಗೋಡೆಯೇನಲ್ಲ. ತನ್ನದೇ ಹಳೆಯ ಆಟಗಾರನನ್ನು ಉಳಿಸಿಕೊಳ್ಳುವಾಗ ತಂಡ ಮಿತಿ ಮೀರಬಹುದು. ಆ ವಿನಾಯಿತಿಗೆ ಲ್ಯಾರಿ ಬರ್ಡ್ ಅವರ ಹೆಸರೇ ಬಿದ್ದಿದೆ. ಜೋರ್ಡಾನ್ 3.31 ಕೋಟಿ ಪಡೆದ ವರ್ಷ ಇಡೀ ತಂಡದ ಮಿತಿ ಇದ್ದದ್ದೇ 2.69 ಕೋಟಿ. ಅಂದರೆ ಒಬ್ಬರ ಸಂಬಳವೇ ಮಿತಿಯನ್ನು ದಾಟಿತ್ತು. ಅದನ್ನು ನೋಡಿ ಕಣ್ಣು ಕೆಂಪಾದ ಮಾಲೀಕರು ಮರುವರ್ಷ ಆಟಗಾರರನ್ನು ಹೊರಗಿಟ್ಟು ಬೀಗ ಹಾಕಿದರು. 1999ರ ಒಪ್ಪಂದದಲ್ಲಿ ಒಬ್ಬೊಬ್ಬ ಆಟಗಾರನಿಗೂ ಗರಿಷ್ಠ ಸಂಬಳ ಬಂತು. ಈಗ ಅನುಭವ ನೋಡಿ ತಂಡದ ಮಿತಿಯ ಶೇ 25, 30 ಅಥವಾ 35ರಷ್ಟು.

ಇದರಿಂದ ಆದ ವಿಚಿತ್ರ ಗಮನಿಸಿ. ನಮ್ಮ ಕಾಗದದ ಆಟದಲ್ಲಿ ಮೇಲಿನವರು ದುಬಾರಿ, ಕೆಳಗಿನವರು ಅಗ್ಗ. ನಿಜವಾದ ಲೀಗಿನಲ್ಲಿ ಲೆಬ್ರಾನ್ ಅವರಿಗೂ, ಅವರಿಗಿಂತ ಎರಡು ಮೆಟ್ಟಿಲು ಕೆಳಗಿನವರಿಗೂ ಒಂದೇ ಗರಿಷ್ಠ. ಹಾಗಾಗಿ ಅಲ್ಲಿ ಅತ್ಯಂತ ಅಗ್ಗದ ಸರಕು ಅತಿ ದೊಡ್ಡ ತಾರೆಯೇ; ನಷ್ಟವಾಗುವುದು ನಡುವಿನವರಿಗೆ ಗರಿಷ್ಠ ಕೊಟ್ಟಾಗ. ತಂಡಗಳು ಮುಳುಗಿದ್ದೂ ಹೆಚ್ಚಾಗಿ ಅಲ್ಲೇ. ಕಾಗದದ ಮೇಲೆ 3 ಡಾಲರಿನ ಸಾಲು ನ್ಯಾಯವಾಗಿ ಕಾಣುತ್ತದೆ, ಲೀಗಿನ ಕಚೇರಿಗಳಲ್ಲಿ ಅದೇ ಸಾಲು ನಿದ್ದೆಗೆಡಿಸುತ್ತದೆ.

ಇನ್ನೊಂದು ಅಗ್ಗದ ದಾರಿ ಅದೃಷ್ಟದ್ದು. ಸ್ಟೀಫನ್ ಕರಿ ಅವರ ಪಾದದ ಗಂಟು ಮತ್ತೆ ಮತ್ತೆ ಉಳುಕುತ್ತಿದ್ದ ಕಾಲದಲ್ಲಿ, 2012ರಲ್ಲಿ, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಅವರಿಗೆ ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್ ಕೊಟ್ಟಿತು. ಗಂಟು ವಾಸಿಯಾಯಿತು. ಆ ಒಪ್ಪಂದ ಮುಗಿಯುವುದರೊಳಗೆ ಕರಿ ಎರಡು ಬಾರಿ ಲೀಗಿನ ಶ್ರೇಷ್ಠ ಆಟಗಾರ ಎನಿಸಿಕೊಂಡಿದ್ದರು. 2015-16ರಲ್ಲಿ 402 ತ್ರೀ ಪಾಯಿಂಟರ್ ಹಾಕಿದರು. ಅದರ ಹಿಂದಿನ ದಾಖಲೆ 286, ಅದೂ ಅವರದೇ. ಹೊಸ ಟೀವಿ ಒಪ್ಪಂದದ ಹಣ ಬಂದು 2016ರಲ್ಲಿ ತಂಡಗಳ ಮಿತಿ 7 ಕೋಟಿಯಿಂದ ಒಮ್ಮೆಲೇ 9.41 ಕೋಟಿಗೆ ಜಿಗಿದಾಗ, ಕರಿ ಅಗ್ಗವಾಗಿದ್ದ ಕಾರಣಕ್ಕೇ ವಾರಿಯರ್ಸ್ ಬಳಿ ಜಾಗ ಉಳಿದಿತ್ತು. ಆ ಜಾಗಕ್ಕೆ ಡ್ಯುರಾಂಟ್ ಬಂದರು. ಮರುವರ್ಷ ಪ್ಲೇಆಫ್‌ನಲ್ಲಿ ಹದಿನಾರು ಗೆಲುವು, ಒಂದೇ ಸೋಲು. ಒಂದು ಉಳುಕಿದ ಕಾಲು ಹೀಗೆ ಲೀಗಿನ ಸಮತೋಲನವನ್ನೇ ಕೆಡಿಸಿತು. 2017ರಲ್ಲಿ ಕರಿ ತಮ್ಮ ಬಾಕಿ ವಸೂಲಿ ಮಾಡಿಕೊಂಡರು: ಐದು ವರ್ಷಕ್ಕೆ 20.1 ಕೋಟಿ ಡಾಲರ್, ಇಪ್ಪತ್ತು ಕೋಟಿ ದಾಟಿದ ಮೊದಲ ಒಪ್ಪಂದ.

ನನ್ನ ತಂಡದ ಮೊದಲ ಹೆಸರು ಕರಿ ಅವರದೇ. ಮ್ಯಾಜಿಕ್‌ರಂಥ ಪಾಸ್ ಕೊಡುವವರು ಇನ್ನೊಬ್ಬರಿಲ್ಲ. 1980ರ ಫೈನಲ್‌ನ ಆರನೆಯ ಪಂದ್ಯದಲ್ಲಿ ಗಾಯಗೊಂಡ ಜಬ್ಬಾರ್ ಬದಲು ಇಪ್ಪತ್ತರ ಹರೆಯದ ಮ್ಯಾಜಿಕ್ ಸೆಂಟರ್ ಸ್ಥಾನದಲ್ಲಿ ನಿಂತು 42 ಪಾಯಿಂಟ್ ಗಳಿಸಿದ್ದನ್ನು ನೆನೆದರೆ 5 ಡಾಲರ್ ಕಡಿಮೆಯೇ. ಆದರೆ ಮ್ಯಾಜಿಕ್ ಮ್ಯಾಜಿಕ್ ಆಗಲು ಚೆಂಡು ಬೇಕು. ಕರಿ ಚೆಂಡಿಲ್ಲದೆ ಓಡುತ್ತಿದ್ದರೂ ಎದುರಾಳಿಗಳಲ್ಲಿ ಇಬ್ಬರು ಅವರ ಹಿಂದೆ ಗೆರೆಯಾಚೆಗೆ ಓಡುತ್ತಾರೆ. ಒಳಗೆ ನಾಲ್ವರ ಎದುರು ಮೂವರೇ ಉಳಿಯುತ್ತಾರೆ. ಸ್ಕೋರ್ ಪಟ್ಟಿಯಲ್ಲಿ ಕಾಣದ ಈ ಉಪಕಾರ ಉಳಿದ ನಾಲ್ವರಿಗೂ ಸಲ್ಲುತ್ತದೆ. 4 ಡಾಲರ್ ಕೊಟ್ಟು ಕೊಂಡದ್ದು ಒಬ್ಬ ಆಟಗಾರನನ್ನು ಮಾತ್ರ ಅಲ್ಲ, ಅಂಗಳದ ಅಗಲವನ್ನೂ.

ಶೂಟಿಂಗ್ ಗಾರ್ಡ್ ಆಗಿ ಕ್ಲೇ ಥಾಂಪ್ಸನ್, 1 ಡಾಲರ್. ಇಲ್ಲೇ ನನಗೆ ಬೈಗುಳ ಶುರುವಾಗುತ್ತದೆ ಎಂದು ಗೊತ್ತು, ಜೋರ್ಡಾನ್ ಸಾಲಿನಲ್ಲಿ ಕ್ಲೇಯನ್ನು ಎತ್ತಿಕೊಳ್ಳುವುದು ಸಣ್ಣ ಅಪರಾಧವಲ್ಲ. 2016ರ ಡಿಸೆಂಬರ್ 5ರಂದು ಇಂಡಿಯಾನಾ ಎದುರು ಕ್ಲೇ 29 ನಿಮಿಷ ಆಡಿ 60 ಪಾಯಿಂಟ್ ಗಳಿಸಿದರು. ಅಷ್ಟಕ್ಕೆ ಅವರು ಚೆಂಡನ್ನು ನೆಲಕ್ಕೆ ತಟ್ಟಿದ್ದು ಹನ್ನೊಂದೇ ಬಾರಿ, ಚೆಂಡು ಅವರ ಕೈಯಲ್ಲಿದ್ದದ್ದು ಎಲ್ಲ ಸೇರಿ ಒಂದೂವರೆ ನಿಮಿಷ. ಹಿಡಿದ, ಹಾರಿದ, ಹಾಕಿದ. ಬೇರೆ ನಾಲ್ವರ ಪಾಲಿನ ಚೆಂಡನ್ನು ಮುಟ್ಟದೆ ಅರವತ್ತು ಪಾಯಿಂಟ್! ಜೊತೆಗೆ ಎದುರಾಳಿಯ ಬಲಿಷ್ಠ ಗಾರ್ಡ್‌ನನ್ನು ಕಾಯುವ ಕೆಲಸವನ್ನು ವರ್ಷಾನುಗಟ್ಟಲೆ ಕರಿ ಬದಲು ಮಾಡಿದವರು ಇವರೇ. ಇಬ್ಬರೂ ಕೂಡಿ ನಾಲ್ಕು ಪ್ರಶಸ್ತಿ ಗೆದ್ದಿದ್ದಾರೆ, ಪರಸ್ಪರ ಹೊಂದಿಕೊಳ್ಳುತ್ತಾರೋ ಇಲ್ಲವೋ ಎಂದು ಊಹೆ ಮಾಡಬೇಕಾಗಿಲ್ಲ.

ಸ್ಮಾಲ್ ಫಾರ್ವರ್ಡ್ ಪಿಪೆನ್, 1 ಡಾಲರ್. ಇಡೀ ಪಟ್ಟಿಯಲ್ಲಿ ಇದಕ್ಕಿಂತ ಲಾಭದ ವ್ಯಾಪಾರ ಇಲ್ಲ. ಆರ್ಕಾನ್ಸಾ ರಾಜ್ಯದ ಹ್ಯಾಂಬರ್ಗ್ ಎಂಬ ಸಣ್ಣ ಊರಿನವರು, ಹನ್ನೆರಡು ಮಕ್ಕಳಲ್ಲಿ ಕೊನೆಯವರು. ತಂದೆಗೆ ಪಾರ್ಶ್ವವಾಯು, ಅಣ್ಣನೊಬ್ಬ ಗಾಲಿಕುರ್ಚಿಯಲ್ಲಿ. ಕಾಲೇಜು ಸೇರಿದಾಗ ವಿದ್ಯಾರ್ಥಿವೇತನವೂ ಇಲ್ಲದೆ ತಂಡದ ಸಾಮಾನು ನೋಡಿಕೊಳ್ಳುವ ಕೆಲಸದಿಂದ ಶುರು ಮಾಡಿದವರು. ಅಂಥ ಮನೆಯ ಹುಡುಗ 1991ರಲ್ಲಿ 1.8 ಕೋಟಿ ಡಾಲರಿನ ದೀರ್ಘ ಒಪ್ಪಂದ ಮುಂದೆ ಬಂದಾಗ, ನಾಳೆ ಕಾಲು ಮುರಿದರೂ ಸಂಸಾರ ಬೀದಿಗೆ ಬೀಳದು ಎಂದು ಸಹಿ ಹಾಕಿದ್ದು ತಪ್ಪೆನ್ನಲು ನನಗೆ ಬಾಯಿ ಬಾರದು. ಲೀಗಿನ ಸಂಬಳಗಳು ಏರಿದವು, ಪಿಪೆನ್ ಅಲ್ಲೇ ಉಳಿದರು. ನಂತರದ ಒಪ್ಪಂದಗಳಲ್ಲಿ ಅದನ್ನೆಲ್ಲ ಸರಿದೂಗಿಸಿಕೊಂಡು, ವೃತ್ತಿಜೀವನದ ಒಟ್ಟು ಸಂಬಳದಲ್ಲಿ ಜೋರ್ಡಾನ್ ಅವರನ್ನೇ ಹಿಂದೆ ಹಾಕಿದರು.

ಅವರ ಬೆಲೆ ತಿಳಿಯಲು ಒಂದು ಋತು ಸಾಕು. 1993ರ ಅಕ್ಟೋಬರ್‌ನಲ್ಲಿ ಜೋರ್ಡಾನ್ ದಿಢೀರ್ ನಿವೃತ್ತರಾದರು. ಅವರಿದ್ದ ಹಿಂದಿನ ಋತುವಿನಲ್ಲಿ ಬುಲ್ಸ್ ಗೆದ್ದದ್ದು 57 ಪಂದ್ಯ. ಅವರಿಲ್ಲದೆ, ಪಿಪೆನ್ ಮುಂದಾಳುತನದಲ್ಲಿ, 55. ಪ್ಲೇಆಫ್‌ನ ಎರಡನೆಯ ಸುತ್ತಿನಲ್ಲಿ ನ್ಯೂಯಾರ್ಕ್ ಎದುರು ಏಳನೆಯ ಪಂದ್ಯದವರೆಗೆ ಹೋಗಿ ಸೋತರು, ನಿಜ. ಅಲ್ಲಿ ಜೋರ್ಡಾನ್ ಇದ್ದಿದ್ದರೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೂ ಎರಡೇ ಪಂದ್ಯದ ವ್ಯತ್ಯಾಸವನ್ನು 5 ಡಾಲರ್ ಮತ್ತು 1 ಡಾಲರ್ ಎಂಬ ಬೆಲೆಗಳ ಪಕ್ಕ ಇಟ್ಟು ನೋಡಿ. 1991ರ ಫೈನಲ್‌ನಲ್ಲಿ ಮೊದಲ ಪಂದ್ಯ ಸೋತ ಬುಲ್ಸ್, ಮ್ಯಾಜಿಕ್ ಅವರನ್ನು ಕಾಯುವ ಹೊಣೆಯನ್ನು ಹೆಚ್ಚಾಗಿ ಪಿಪೆನ್‌ಗೆ ಒಪ್ಪಿಸಿದ ಮೇಲೆ ಸತತ ನಾಲ್ಕು ಗೆದ್ದಿತು. ಪಾಯಿಂಟ್ ಗಾರ್ಡ್‌ನಿಂದ ಪವರ್ ಫಾರ್ವರ್ಡ್‌ವರೆಗೆ ಯಾರನ್ನು ಬೇಕಾದರೂ ಕಾಯಬಲ್ಲ, ಬೇಕಾದಾಗ ಚೆಂಡನ್ನು ಮೇಲೆ ತಂದು ಆಟವನ್ನೂ ಕಟ್ಟಬಲ್ಲ ಈ ಆಟಗಾರ ಇರುವುದರಿಂದಲೇ ಕರಿ ನಿಶ್ಚಿಂತೆಯಿಂದ ಚೆಂಡು ಬಿಟ್ಟು ಓಡಬಹುದು.

ಲೆಬ್ರಾನ್ ಅವರನ್ನು ಬಿಟ್ಟದ್ದು ಹೊಟ್ಟೆ ಉರಿಸಿಕೊಂಡೇ. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕರಿ ಎಂಟು ತ್ರೀ ಪಾಯಿಂಟರ್ ಹಾಕಿ 24 ಪಾಯಿಂಟ್ ಗಳಿಸಿದಾಗ ಪಕ್ಕದಲ್ಲಿದ್ದವರು ಲೆಬ್ರಾನ್. ಟೂರ್ನಿಯ ಶ್ರೇಷ್ಠ ಆಟಗಾರನೂ ಅವರೇ. ಇಬ್ಬರೂ ಹೊಂದುತ್ತಾರೆ ಎಂಬುದು ಸಾಬೀತಾಗಿದೆ. ಆದರೆ 5 ಕೊಟ್ಟು ಲೆಬ್ರಾನ್, 1 ಕೊಟ್ಟು ಪಿಪೆನ್ ಎಂದಾಗ, ಉಳಿಯುವ 4 ಡಾಲರ್ ಪವರ್ ಫಾರ್ವರ್ಡ್ ಸಾಲಿನಲ್ಲಿ ರಾಡ್ಮನ್ ಮತ್ತು ಡಂಕನ್ ನಡುವಿನ ಅಂತರ. ಆ ಅಂತರ ನನಗೆ ದೊಡ್ಡದು.

ರಾಡ್ಮನ್ ಬಗ್ಗೆ ಅಗೌರವದಿಂದ ಹೇಳುತ್ತಿಲ್ಲ. ಸತತ ಏಳು ಋತು ಲೀಗಿನಲ್ಲಿ ಅತಿ ಹೆಚ್ಚು ರಿಬೌಂಡ್ ಸರಾಸರಿ, 1991-92ರಲ್ಲಿ ಪಂದ್ಯಕ್ಕೆ 18.7. ಎತ್ತರ ಆರು ಅಡಿ ಏಳು ಅಂಗುಲ, ತನಗಿಂತ ಗೇಣೆತ್ತರದವರ ನಡುವೆ ನಿಂತು ಇಷ್ಟು. ಸಹ ಆಟಗಾರರ ಶಾಟ್‌ಗಳು ಯಾವ ಕೋನದಿಂದ ಹೊರಟರೆ ಎತ್ತ ಪುಟಿಯುತ್ತವೆ, ಚೆಂಡು ಎಷ್ಟು ಸುತ್ತು ತಿರುಗುತ್ತದೆ ಎಂದು ನೋಡಿ ಕಲಿತವರು. ಒಂದು ಡಾಲರಿಗೆ ಬರುವವರಲ್ಲಿ ಪಿಪೆನ್ ಬಿಟ್ಟರೆ ಇವರೇ. ಆದರೆ ಇವರನ್ನು ಎದುರಾಳಿ ಕಾಯುವುದಿಲ್ಲ. ಇವರನ್ನು ಬಿಟ್ಟು ಬಂದ ಆ ಐದನೆಯವನು ನೇರ ಕರಿ ಮೇಲೆ ಬೀಳುತ್ತಾನೆ. ಅಗಲ ಮಾಡಿದ ಅಂಗಳವನ್ನು ಮತ್ತೆ ಕಿರಿದು ಮಾಡಿಕೊಂಡಂತಾಯಿತು.

ಡಂಕನ್, 5 ಡಾಲರ್. ನನ್ನ ಒಂದೇ ದುಬಾರಿ ಖರೀದಿ. ವರ್ಜಿನ್ ದ್ವೀಪಗಳ ಸೇಂಟ್ ಕ್ರಾಯ್‌ನಲ್ಲಿ ಈಜುಗಾರನಾಗಬೇಕೆಂದಿದ್ದ ಹುಡುಗ. 1989ರ ಹ್ಯೂಗೊ ಚಂಡಮಾರುತ ದ್ವೀಪದ ಈಜುಕೊಳವನ್ನು ಹಾಳುಗೆಡವಿದ ಮೇಲೆ ಬ್ಯಾಸ್ಕೆಟ್‌ಬಾಲ್‌ಗೆ ಬಂದವರು. 1999ರಿಂದ 2014ರ ನಡುವೆ ಸ್ಯಾನ್ ಆಂಟೋನಿಯೊ ಸ್ಪರ್ಸ್ ಗೆದ್ದ ಐದೂ ಪ್ರಶಸ್ತಿಗಳಲ್ಲಿ ಇದ್ದರು. ಹಲಗೆಗೆ ಬಡಿದು ಒಳಬೀಳುವ ಆ ಶಾಂತ ಶಾಟ್ ನೋಡಲು ಸಪ್ಪೆ, ತಡೆಯಲು ಅಸಾಧ್ಯ. ಸಂಬಳದ ವಿಷಯದಲ್ಲೂ ಇದೇ ಸ್ವಭಾವ: ವರ್ಷಕ್ಕೆ 2.1 ಕೋಟಿ ಪಡೆಯುತ್ತಿದ್ದವರು 2012ರಲ್ಲಿ ಅದರ ಅರ್ಧಕ್ಕಿಂತ ಕಡಿಮೆಗೆ ಸಹಿ ಹಾಕಿದರು. ಆ ಉಳಿತಾಯದಿಂದ ತಂಡ ಗಟ್ಟಿಯಾಗಿಯೇ ಉಳಿಯಿತು. ಅದೇ ತಂಡ ಟೋನಿ ಪಾರ್ಕರ್ ಅವರನ್ನು ಡ್ರಾಫ್ಟ್‌ನ 28ನೆಯವರಾಗಿ, ಮನು ಜಿನೊಬಿಲಿ ಅವರನ್ನು 57ನೆಯವರಾಗಿ ಆರಿಸಿತ್ತು. ಬೆಲೆಪಟ್ಟಿಯ ತಳ ಕೆದಕಿ ಪ್ರಶಸ್ತಿ ಗೆಲ್ಲುವ ವಿದ್ಯೆಯನ್ನು ಸ್ಪರ್ಸ್‌ನಷ್ಟು ಚೆನ್ನಾಗಿ ಯಾರೂ ಕಲಿತಿಲ್ಲ. ಇನ್ನೊಬ್ಬ ಎತ್ತರದವರ ಜೊತೆ ಆಡುವುದೂ ಡಂಕನ್‌ಗೆ ಹೊಸದಲ್ಲ, ಡೇವಿಡ್ ರಾಬಿನ್ಸನ್ ಜೊತೆಗೂಡಿ ಎರಡು ಬಾರಿ ಗೆದ್ದವರು.

ಸೆಂಟರ್ ಸ್ಥಾನಕ್ಕೆ ಲೇಗೋಸ್‌ನ ಹಕೀಂ ಒಲಾಜುವಾನ್, 3 ಡಾಲರ್. ಹದಿಹರೆಯದವರೆಗೆ ಹ್ಯಾಂಡ್‌ಬಾಲ್, ಫುಟ್‌ಬಾಲ್ ಆಡಿದ ಕಾಲುಗಳು. ಏಳಡಿ ಎತ್ತರದವರಲ್ಲಿ ಅಂಥ ಕಾಲ್ಚಳಕ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಬಂದಿಲ್ಲ. ಬ್ಲಾಕ್‌ಗಳಲ್ಲಿ 3,830ರ ದಾಖಲೆ ಇನ್ನೂ ಅವರದೇ. 1995ರಲ್ಲಿ ಅವರ ಹ್ಯೂಸ್ಟನ್ ರಾಕೆಟ್ಸ್ ಆರನೆಯ ಶ್ರೇಯಾಂಕದಿಂದ ಹೊರಟು ಪ್ರಶಸ್ತಿ ಗೆದ್ದಿತು. ದಾರಿಯಲ್ಲಿ ಆ ವರ್ಷದ ಶ್ರೇಷ್ಠ ಆಟಗಾರ ರಾಬಿನ್ಸನ್ ಎದುರು ಪಂದ್ಯಕ್ಕೆ 35ರ ಸರಾಸರಿ, ಫೈನಲ್‌ನಲ್ಲಿ ಓನೀಲ್ ಅವರ ಒರ್ಲ್ಯಾಂಡೊ ಎದುರು 4-0. ಪಟ್ಟಿಯ 2 ಮತ್ತು 4 ಡಾಲರಿನ ಇಬ್ಬರನ್ನೂ ಒಂದೇ ತಿಂಗಳಲ್ಲಿ ಮುಗಿಸಿದವರಿಗೆ 3 ಡಾಲರ್ ಎಂದರೆ ಸಂತೆಯಲ್ಲಿ ಸಿಕ್ಕ ಹಾಗೆ.

ಕೂಡಿಸಿ ನೋಡಿ: 4, 1, 1, 5, 3. ಒಟ್ಟು 14. ಇನ್ನೊಂದು ಡಾಲರ್ ಇದೆಯಲ್ಲ, ಒಲಾಜುವಾನ್ ಬದಲು ಓನೀಲ್ ತೆಗೆದುಕೊಳ್ಳಿ ಎನ್ನುವವರಿದ್ದಾರೆ. 1995ರಲ್ಲಿ ಓನೀಲ್ ಇಪ್ಪತ್ತಮೂರರ ಹುಡುಗ, 2000ದ ಓನೀಲ್ ಬೇರೆಯೇ ಎಂಬ ವಾದದಲ್ಲಿ ಹುರುಳಿದೆ. ಆದರೆ ಅವರ ಫ್ರೀ ಥ್ರೋ ವೃತ್ತಿಜೀವನದುದ್ದಕ್ಕೂ ಶೇ 52.7. ಪಂದ್ಯ ಬಿಗಿಯಾದಾಗ ಎದುರಾಳಿಗಳು ಅವರನ್ನೇ ಹಿಡಿದು ಗೆರೆಗೆ ಕಳಿಸುತ್ತಾರೆ. ಇಂದಿನ ಆಟದಲ್ಲಿ ಸೆಂಟರ್ ಹೊರಗೆ ಬಂದು ಗಾರ್ಡ್‌ಗಳ ಹಿಂದೆ ಓಡಬೇಕು, ಅದು ಓನೀಲ್ ಇಷ್ಟಪಟ್ಟು ಮಾಡಿದ ಕೆಲಸವೂ ಅಲ್ಲ. ಕ್ಲೇ ಬದಲು ರೇ ಆ್ಯಲನ್ ಎಂದರೂ ಒಪ್ಪೆ. ಶಾಟ್ ಆ್ಯಲನ್ ಅವರದೇ ಚೆಂದ, ಆದರೆ ಕರಿ ಪಕ್ಕದಲ್ಲಿ ನನಗೆ ಬೇಕಾದವರು ಕಾಯುವವರು. ಹಣ ಉಳಿಯಿತೆಂದು ಕೆಟ್ಟದ್ದನ್ನು ಕೊಳ್ಳುವುದಿಲ್ಲ.

ನನ್ನ ವಾದಕ್ಕೆ ದೊಡ್ಡ ಏಟು ಕೊಡುವುದು 1984ರ ಡ್ರಾಫ್ಟ್. ಈ ಪಟ್ಟಿಯ ನಾಲ್ವರು ಲೀಗಿಗೆ ಬಂದದ್ದು ಆ ಒಂದೇ ದಿನ: ಒಲಾಜುವಾನ್ ಮೊದಲನೆಯವರು, ಜೋರ್ಡಾನ್ ಮೂರು, ಬಾರ್ಕ್ಲಿ ಐದು, ಸ್ಟಾಕ್ಟನ್ ಹದಿನಾರು. ಎರಡನೆಯ ಸರದಿ ಪೋರ್ಟ್‌ಲ್ಯಾಂಡ್‌ನದು. ಶೂಟಿಂಗ್ ಗಾರ್ಡ್ ಸ್ಥಾನಕ್ಕೆ ಕ್ಲೈಡ್ ಡ್ರೆಕ್ಸ್‌ಲರ್ ಆಗಲೇ ಇದ್ದರು, ಬೇಕಾಗಿದ್ದದ್ದು ಸೆಂಟರ್. ಹೊಂದಿಕೆಯ ಲೆಕ್ಕ ಹಾಕಿ ಸ್ಯಾಮ್ ಬೋವಿ ಅವರನ್ನು ಆರಿಸಿದರು, ಜೋರ್ಡಾನ್ ಕೈತಪ್ಪಿದರು. ಬೋವಿ ಅವರ ಕಾಲುಮೂಳೆ ಪದೇ ಪದೇ ಮುರಿಯಿತು. ಹೊಂದಿಕೆ ಎಂಬ ಮಂತ್ರ ಜಪಿಸುವ ನನ್ನಂಥವರು ಪೋರ್ಟ್‌ಲ್ಯಾಂಡ್‌ನ ಹೆಸರನ್ನು ಮರೆಯಬಾರದು. ಪ್ರತಿಭೆಯ ಅಂತರ ಒಂದು ಮಿತಿ ದಾಟಿದರೆ ಹೊಂದಿಕೆಯನ್ನು ಪಕ್ಕಕ್ಕಿಡಬೇಕು. ನನ್ನ ತಂಡ ನಿಲ್ಲುವುದು, ಕ್ಲೇ ಮತ್ತು ಜೋರ್ಡಾನ್ ನಡುವೆ ಉಳಿಸಿದ 4 ಡಾಲರ್ ಆ ಅಂತರವನ್ನು ಬೇರೆ ಕಡೆ ತುಂಬಿಕೊಡುತ್ತದೆ ಎಂಬ ನಂಬಿಕೆಯ ಮೇಲೆ. ದುರ್ಬಲ ಜಾಗವೂ ಗೊತ್ತಿದೆ. 2016ರ ಫೈನಲ್‌ನಲ್ಲಿ 1-3ರಿಂದ ಹಿಂದಿದ್ದ ಕ್ಲೀವ್‌ಲ್ಯಾಂಡ್, ಕರಿ ಯಾರನ್ನು ಕಾಯುತ್ತಿದ್ದಾರೋ ಅವರಿಂದಲೇ ಸ್ಕ್ರೀನ್ (ಕಾಯುವವರ ದಾರಿಗೆ ಅಡ್ಡ ನಿಲ್ಲುವುದು) ಹಾಕಿಸಿ, ಕರಿ ಅವರನ್ನು ಲೆಬ್ರಾನ್ ಮುಂದೆ ತಂದು ನಿಲ್ಲಿಸಿ ಸರಣಿ ಗೆದ್ದಿತು. ನನ್ನ ಎದುರಾಳಿಯೂ ಅದನ್ನೇ ಮಾಡುತ್ತಾರೆ. ವ್ಯತ್ಯಾಸ ಇಷ್ಟೇ, ಕರಿಯನ್ನು ದಾಟಿ ಒಳಬಂದವರಿಗೆ ರಿಮ್ ಮುಂದೆ ಡಂಕನ್ ಇರುತ್ತಾರೆ, ಅವರನ್ನೂ ದಾಟಿದರೆ ಒಲಾಜುವಾನ್.

ಜೋರ್ಡಾನ್ ಇಲ್ಲದ್ದು ತಂಡವೇ ಅಲ್ಲ ಎನ್ನುವವರು 15 ಡಾಲರಿನಲ್ಲಿ ತಮ್ಮ ಐವರನ್ನು ಬರೆದಿಡಲಿ. ಬರೆದ ಮೇಲೆ ಗೆರೆಯಾಚೆಯಿಂದ ಹಾಕುವವರು ಯಾರು, ಚೆಂಡಿಲ್ಲದೆ ಓಡುವವರು ಯಾರು ಎಂದು ಹೆಸರಿನ ಮುಂದೆ ಗುರುತು ಹಾಕಲಿ. ಕರಿ 4, ಜೋರ್ಡಾನ್ 5, ಪಿಪೆನ್ 1, ಬಾರ್ಕ್ಲಿ 2, ಒಲಾಜುವಾನ್ 3 ಎಂಬ ತಂಡವೊಂದಕ್ಕೆ ಮಾತ್ರ ನನಗೆ ಭಯ. ಅದರ ಎದುರು ಸರಣಿ ಏಳನೆಯ ಪಂದ್ಯಕ್ಕೆ ಹೋಗುತ್ತದೆ, ಕೊನೆಯ ನಿಮಿಷಗಳಲ್ಲಿ ಡಂಕನ್ ಅವರನ್ನು ಕಾಯುವುದು ಬಾರ್ಕ್ಲಿ ಪಾಲಿಗೆ ಬರುತ್ತದೆ, ಮತ್ತು ನನ್ನ ತಂಡ ಎರಡು ಪಾಯಿಂಟಿನಿಂದ ಗೆಲ್ಲುತ್ತದೆ.